ಮಂಚದ ಮರಿ

ಮಂಚದ ಎತ್ತರಕ್ಕೆ ದಾರ ಹಿಡಿದು, ಹಾಸಿಗೆಯ ಮಟ್ಟ ಬರುವಲ್ಲಿ ಗಂಟು ಹಾಕಿಕೊಂಡು ಅಂಗಡಿಗೆ ಹೋದವಳು ನಾನು. ತುಂಬಿದ ಹೊಟ್ಟೆ ಹೊತ್ತುಕೊಂಡು ಬಗ್ಗಿ ಅಳೆದಿದ್ದೆ. ಟೇಪು ಎಲ್ಲೋ ಇದೆ, ಹುಡುಕಿಕೊಡುತ್ತೇನೆ ಎಂದರು ನಮ್ಮನೆಯವರು. ಬೇಡ ಎಂದೆ. ನನಗೆ ದಾರದ ಮೇಲೆ ನಂಬಿಕೆಯಿತ್ತು. ಆಗ ಗಂಡನ ಮೇಲೂ ಇತ್ತು.

ನನಗೆ ಬೇಕಾಗಿದ್ದದ್ದು ತೂಗುವ ತೊಟ್ಟಿಲಲ್ಲ. ನಮ್ಮ ಹೈಸ್ಕೂಲಿನ ಸಹೋದ್ಯೋಗಿಯೊಬ್ಬರ ಮನೆಯಲ್ಲಿ ನೋಡಿದ್ದೆ: ಪುಟ್ಟ ಮಂಚ, ಮೂರು ಕಡೆ ಜಾಲರಿ, ನಾಲ್ಕನೆಯ ಕಡೆ ಬಿಚ್ಚಿ ಕೆಳಗಿಳಿಸಿದರೆ ನಮ್ಮ ಹಾಸಿಗೆಗೆ ಸಮನಾಗಿ ಅಂಟಿಕೊಂಡು ನಿಲ್ಲುತ್ತದೆ. ಮಗು ತನ್ನ ಜಾಗದಲ್ಲಿ ತಾನು ಮಲಗಿರುತ್ತದೆ, ಕೈ ಚಾಚಿದರೆ ಸಿಗುತ್ತದೆ. ತಾಯಿಯ ಕೈಗಷ್ಟೇ ಅಲ್ಲ, ತಂದೆಯ ಕೈಗೂ. ನನಗೆ ಆ ಎರಡನೆಯದು ಮುಖ್ಯವಾಗಿತ್ತು.

ಯಾಕೆಂದು ಹೇಳುತ್ತೇನೆ. ನಾನು ಹುಟ್ಟಿದ್ದು ಅಜ್ಜಿಯ ಮನೆಯಲ್ಲಿ, ಕನಕಪುರದ ಹತ್ತಿರದ ಹಳ್ಳಿಯಲ್ಲಿ. ಐದನೇ ತಿಂಗಳಿಗೆ ಅವ್ವ ನನ್ನನ್ನು ಚನ್ನಪಟ್ಟಣಕ್ಕೆ ಕರೆತಂದಾಗ ಅಪ್ಪ ಎತ್ತಿಕೊಳ್ಳಲು ಬಂದರಂತೆ, ನಾನು ಬೀದಿಗೆ ಕೇಳುವ ಹಾಗೆ ಕಿರುಚಿದೆನಂತೆ. 'ಗುರ್ತು ಹತ್ಲಿಲ್ಲ ಮುಂಡೇದ್ಕೆ' ಎಂದು ಅವ್ವ ನಗುನಗುತ್ತಾ ಹೇಳುವ ಕಥೆ ಇದು. ಅಪ್ಪ ಆಮೇಲೆ ಹೆಚ್ಚು ಎತ್ತಿಕೊಳ್ಳಲಿಲ್ಲ. ಒಳ್ಳೆಯ ಮನುಷ್ಯ. ಮದುವೆಯಲ್ಲಿ ನನಗೆ ಕಡೆದ ಕಾಲಿನ ತೇಗದ ಮಂಚವನ್ನು ಮುಂದೆ ನಿಂತು ಮಾಡಿಸಿಕೊಟ್ಟರು. ಆದರೆ ಇವತ್ತಿಗೂ ನಮ್ಮಿಬ್ಬರ ನಡುವೆ ಮಾತೆಂದರೆ 'ಊಟ ಆಯ್ತಾ', 'ಆಯ್ತು', ಅಷ್ಟೇ. ನನ್ನ ಮಗುವಿಗೆ ಅದು ಬೇಡವಾಗಿತ್ತು. ತವರಿನಲ್ಲಿ ಒಂದೇ ತಿಂಗಳ ಬಾಣಂತನ, ನಾಮಕರಣ ಮುಗಿದ ಕೂಡಲೇ ರಾಮನಗರದ ನಮ್ಮ ಕೋಣೆ, ಅಪ್ಪ ಮಾಡಿಸಿದ ಮಂಚ, ಅದರ ಪಕ್ಕದಲ್ಲಿ ಮಗು. ಇಷ್ಟನ್ನೂ ನಮ್ಮನೆಯವರಿಗೆ ಹೇಳಿದ್ದೆ. ಅಪ್ಪನ ಕಥೆಯನ್ನೂ ಹೇಳಿದ್ದೆ. 'ಆಯ್ತು, ಹಾಗೇ ಮಾಡೋಣ' ಎಂದಿದ್ದರು.

ಅಪ್ಪ ಮಾಡಿಸಿದ ಮಂಚ ಹಳೆಯ ಕಾಲದ ಎತ್ತರದ್ದು. ಈಗಿನ ಅಂಗಡಿಯ ಸರಕೆಲ್ಲ ನೆಲಕ್ಕೆ ಅಂಟಿದಂಥ ಮಂಚಗಳಿಗೆ ಮಾಡಿದ್ದು. ಚನ್ನಪಟ್ಟಣದಲ್ಲಿ ನೋಡಿದೆವು. ಬಣ್ಣಬಣ್ಣದ ಅರಗಿನ ಗಿಲಕಿ ತೂಗಿಬಿಟ್ಟ ತೊಟ್ಟಿಲುಗಳು ಕಣ್ಣಿಗೆ ಹಬ್ಬ, ನನ್ನ ಕೆಲಸಕ್ಕಲ್ಲ. ರಾಮನಗರದಲ್ಲಿ ಎರಡು ಅಂಗಡಿ ಹತ್ತಿಳಿದೆವು. ಒಂದರಲ್ಲಿ ಜಾಲರಿ ಒರಟು, ಇನ್ನೊಂದರಲ್ಲಿ ಕಾಲು ಅಲ್ಲಾಡುತ್ತಿತ್ತು. ಕೊನೆಗೆ ಬಸ್‌ಸ್ಟ್ಯಾಂಡಿನ ಹಿಂದಿನ ಅಂಗಡಿಯಲ್ಲಿ ಕಾಲನ್ನು ಏರಿಸಿ ಇಳಿಸಬಹುದಾದ ಒಂದು ಸಿಕ್ಕಿತು. ದಾರ ಹಿಡಿದೆ. ಪೂರ್ತಿ ಏರಿಸಿದಾಗ ಹಾಸು ಸರಿಯಾಗಿ ಗಂಟಿಗೆ ಬಂತು. ನನಗಾದ ಖುಷಿಗೆ ಅಂಗಡಿಯವನೂ ನಕ್ಕುಬಿಟ್ಟ.

ಆಗ ನಮ್ಮನೆಯವರು ಒಂದು ಪ್ರಶ್ನೆ ಕೇಳಿದರು: 'ಪೂರ್ತಿ ಇಳಿಸಿದ್ರೆ ಹಾಲಿನಲ್ಲಿರೋ ದಿವಾನಕ್ಕೂ ಸರಿಹೋಗುತ್ತಾ?'

'ಯಾವ್ದುಕ್ ಬೇಕಾದ್ರೂ ಸರಿಹೋಯ್ತದೆ ಸಾರ್. ಮಗು ಮಗ್ಚಿಕೊಳ್ಳೋ ಗಂಟ ಬಳಸಿ. ಮಗ್ಚಿಕೊಳ್ತು ಅಂದ್ರೆ ಆಮೇಕೆ ಇದ್ರಲ್ಲಿ ಮಲಗಿಸ್‌ಬೇಡಿ' ಎಂದ ಅಂಗಡಿಯವನು.

ಹಗಲು ಹೊತ್ತು ಮಗುವನ್ನು ಹಾಲಿನಲ್ಲಿ ಮಲಗಿಸುವ ಯೋಚನೆಯಿರಬೇಕು, ಎಷ್ಟು ದೂರ ಯೋಚಿಸುತ್ತಾರೆ ನಮ್ಮನೆಯವರು ಎಂದು ನಾನು ಉಬ್ಬಿಹೋದೆ.

ಡಬ್ಬ ಮನೆಗೆ ಬಂದಾಗ ಅತ್ತೆ 'ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ದಂಗಾಯ್ತು' ಎಂದರು, ಅಷ್ಟಕ್ಕೇ ಸುಮ್ಮನಾದರು. ಹುಟ್ಟದ ಮಗುವಿಗೆ ಒಂದು ಬಟ್ಟೆ ತರಲೂ ಬಿಡದ ಅತ್ತೆ! ಡಬ್ಬದ ಮೇಲಿನ ಚಿತ್ರ ನೋಡಿ, 'ಚೆನ್ನಾಗೈತೆ ಕಣವ್ವ, ಮಂಚ ಮರಿ ಹಾಕ್ದಂಗೈತೆ' ಎಂದು ನಕ್ಕರು. ಅಂದಿನಿಂದ ಅದರ ಹೆಸರು ಮಂಚದ ಮರಿ. ಅತ್ತೆ ಬದಲಾಗಿದ್ದಾರೆ ಎಂದು ಅವ್ವನಿಗೆ ಫೋನು ಮಾಡಿ ಹೇಳಿದೆ. ಅವ್ವ 'ಹೂಂ' ಎಂದಳು.

ಮಗಳು ಹುಟ್ಟಿದಳು. ಚನ್ನಪಟ್ಟಣದ ಮನೆಯಲ್ಲಿ ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ, ಕಿವಿಗೆ ಹತ್ತಿ, ಎಲ್ಲ ಕ್ರಮವಾಗಿ ನಡೆಯಿತು. ನಮ್ಮನೆಯವರು ಭಾನುವಾರ ಭಾನುವಾರ ಹಣ್ಣು ಹಿಡಿದು ಬಂದು, ನೆಂಟರ ಹಾಗೆ ಕುರ್ಚಿಯ ಅಂಚಿನಲ್ಲಿ ಕೂತು, ಕಾಫಿ ಕುಡಿದು ಹೋಗುತ್ತಿದ್ದರು. ಮಗುವನ್ನು ಕೈಗೆ ಕೊಡಲು ಹೋದರೆ ಅವ್ವ, 'ಹಸುಗೂಸು, ಗಂಡಸ್ರು ಕೈಗೆ ಈಗ್ಲೇ ಬ್ಯಾಡ' ಎನ್ನುತ್ತಿದ್ದಳು. ಇರಲಿ, ಒಂದು ತಿಂಗಳು ತಾನೇ ಎಂದು ನಾನು ಹಲ್ಲು ಕಚ್ಚಿಕೊಂಡಿದ್ದೆ.

ತಿಂಗಳು ತುಂಬಿತು, ನಾಮಕರಣವಾಯಿತು. ನಾನು ಬಟ್ಟೆ ಮಡಚತೊಡಗಿದಾಗ ನಮ್ಮನೆಯವರು, 'ಅಮ್ಮನಿಗೆ ಮಂಡಿ ನೋವು ಜೋರಾಗಿದೆ. ಬಗ್ಗೋಕೇ ಆಗ್ತಿಲ್ಲ. ಬಾಣಂತನ ಅವರ ಕೈಲಾಗಲ್ಲ. ಐದನೇ ತಿಂಗಳಿಗೆ ಬಂದ್ಬಿಡು' ಎಂದರು.

'ಮಾತು ಕೊಟ್ಟಿದ್ರಿ.'

'ಎಲ್ಲಿ ಹೋಗುತ್ತೆ ಮಾತು? ತೊಟ್ಟಿಲ ಡಬ್ಬ ಹಾಗೇ ಇದೆ, ಬಿಚ್ಚಿಲ್ಲ. ನೀನೇ ಬಂದು ಬಿಚ್ಚುವೆಯಂತೆ.'

ಆ ಕೊನೆಯ ಮಾತಿಗೆ ಕರಗಿದೆ. ಬಿಚ್ಚದ ಡಬ್ಬ ನನಗಾಗಿ ಕಾಯುತ್ತಿದೆ ಎಂಬ ಒಂದೇ ಸಮಾಧಾನದಲ್ಲಿ ಮಡಚಿದ ಬಟ್ಟೆಯನ್ನೆಲ್ಲ ಮತ್ತೆ ಬೀರುವಿಗಿಟ್ಟೆ. ಅದರ ಮುಂದಿನ ವಾರ ನಾದಿನಿಗೆ ಗಂಡು ಮಗುವಾಯಿತೆಂದು ಸುದ್ದಿ ಬಂತು. ನಾದಿನಿಯೆಂದರೆ ನಮ್ಮನೆಯವರ ತಂಗಿ, ಸೋಲೂರಿನ ಕಡೆಗೆ ಕೊಟ್ಟಿರುವ ಹುಡುಗಿ. ಮೊದಲ ಹೆರಿಗೆ ತವರಿನದು, ಎರಡನೆಯದು ಗಂಡನ ಮನೆಯದು, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಲೆಕ್ಕ. ಅವಳದು ಎರಡನೆಯದು. ಎಲ್ಲಿದ್ದಾಳೆ ಎಂದು ನಾನು ಕೇಳಲೂ ಇಲ್ಲ.

ಮಗಳಿಗೆ ಚುಚ್ಚುಮದ್ದು ಹಾಕಿಸಲು ಅವ್ವನೊಂದಿಗೆ ರಾಮನಗರಕ್ಕೆ ಹೋದ ದಿನ, ಮುಗಿಸಿಕೊಂಡು ಹೊರಬಂದಾಗ ನನಗೊಂದು ಆಸೆ ಹುಟ್ಟಿತು. ಮನೆ ಇಲ್ಲೇ ಎರಡು ಬೀದಿ ಆಚೆ. ಡಬ್ಬ ಬಿಚ್ಚಿ, ಮಗಳನ್ನು ಒಂದೇ ಒಂದು ಸಲ ಅದರಲ್ಲಿ ಮಲಗಿಸಿ ನೋಡಿಕೊಂಡು ಹೋಗಿಬಿಡೋಣ ಎಂದೆ. ಅವ್ವನ ಮುಖ ಬಿಳಿಚಿಕೊಂಡಿತು.

'ಬ್ಯಾಡ ಕಣವ್ವ. ಒಳ್ಳೆ ದಿನ ನೋಡ್ದೆ ಬಾಣಂತಿ ಹೊಸ್ಲು ದಾಟ್ಬಾರ್ದು. ಮನೇಗ್ ಹೋಗವ ನಡಿ.'

'ಆಸ್ಪತ್ರೆ ಹೊಸ್ತಿಲು ದಾಟಿದ್ದಾಯ್ತಲ್ಲ' ಎಂದು ನಾನು ಆಟೋದವನಿಗೆ ದಾರಿ ಹೇಳಿದೆ.

ಬಾಗಿಲು ತೆರೆದೇ ಇತ್ತು. ಬಚ್ಚಲಿನಿಂದ ಹಬೆ ಬರುತ್ತಿತ್ತು. ಇಣುಕಿದರೆ, ಬಗ್ಗಲಾಗದ ನಮ್ಮತ್ತೆ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು, ಬಗ್ಗಿ ಬಗ್ಗಿ ನೀರು ಹುಯ್ಯುತ್ತಿದ್ದರು. ನನ್ನನ್ನು ನೋಡಿ ಚೊಂಬು ಹಿಡಿದ ಕೈ ಮೇಲೇ ನಿಂತಿತು. ನಾನು ನೇರ ಕೋಣೆಗೆ ಹೋದೆ.

ನನ್ನ ಮಂಚದ ಮೇಲೆ ನಾದಿನಿ ಮಲಗಿದ್ದಳು. ಪಕ್ಕದಲ್ಲಿ ಮಂಚದ ಮರಿ, ಒಂದು ಕಡೆಯ ಜಾಲರಿ ಇಳಿಸಿ, ಪಟ್ಟಿಯಿಂದ ನನ್ನ ಮಂಚದ ಕಾಲಿಗೆ ಬಿಗಿದು ನಿಂತಿತ್ತು. ಹಾಸಿಗೆಗೂ ಅದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ನನ್ನ ದಾರದ ಗಂಟು ಅಷ್ಟು ಸರಿಯಾಗಿತ್ತು.

ನಾದಿನಿ ತಡಬಡಿಸಿ ಎದ್ದು ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣಲ್ಲಿ ನೀರಿತ್ತು. 'ಅತ್ತಿಗೆ, ನಿಮ್ಗೆ ಹೆಂಗ್ ಹೇಳ್ಲಿ. ನಮ್ಮತ್ತೆ ಕೈ ಮುರ್ಕೊಂಡು ಮೂಲೆ ಹಿಡ್ದವ್ರೆ, ನಮ್ಮನೇಲಿ ನೋಡೋರೇ ಇರ್ಲಿಲ್ಲ. ನೀವೇ ಹೇಳಿದ್ರಂತಲ್ಲ, ನಾನು ಐದು ತಿಂಗ್ಳು ತವರಲ್ಲೇ ಇರ್ತೀನಿ, ತೊಟ್ಲು ಅವಳ ಮಗೀಗೇ ಇರ್ಲಿ ಅಂತ. ಅಣ್ಣ ಹೇಳ್ತು. ದಿವಾನದ ಮ್ಯಾಲೆ ಸೊಂಟ ನೋವು ಬತ್ತದೆ ಅಂತ ಅವ್ವ ಇಲ್ಲೇ ಮಲಗ್ಸಿದ್ರು. ಪಾಪೂನ ಮಲಗ್ಸಿ ಅತ್ತಿಗೆ, ನಿಮ್ದೇ ತಾನೆ.'

ನಾನು ಕೊಡದೆಯೇ ಕೊಟ್ಟ ದಾನಕ್ಕೆ ಆ ಹುಡುಗಿ ನನ್ನ ಕೈ ಕಣ್ಣಿಗೊತ್ತಿಕೊಳ್ಳುತ್ತಿದ್ದಾಳೆ. ಬೈಯುವುದು ಯಾರನ್ನು? ಅವಳಿಗೂ ನನ್ನ ಹಾಗೆಯೇ ಕಿವಿಗೆ ಹೂವಿಟ್ಟಿದ್ದರು, ಅವಳ ಹೂವು ಪರಿಮಳದ್ದು, ಅಷ್ಟೇ ವ್ಯತ್ಯಾಸ. 'ಇರಲಿ ಬಿಡವ್ವ' ಎಂದೆ. ಆದರೆ ಮಗಳನ್ನು ಅದರಲ್ಲಿ ಮಲಗಿಸಲಿಲ್ಲ.

ಹೊರಗೆ ಬಂದಾಗ ಅತ್ತೆ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, 'ಒಂದೇ ಸೂರಿನಲ್ಲಿ ಎರಡು ಬಾಣಂತನ ಆಗ್ಬಾರ್ದು ಕಣವ್ವ, ಶಾಸ್ತ್ರ' ಎಂದರು. ಮಗಳಿಗಾಗಿ ಎರಡನೇ ಹೆರಿಗೆಯ ಶಾಸ್ತ್ರವನ್ನು ಮುರಿದವರು, ಸೊಸೆಗಾಗಿ ಹೊಸದೊಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದರು.

ವಾಪಸು ಬರುವಾಗ ಆಟೋದಲ್ಲಿ ಅವ್ವನನ್ನು ಕೇಳಿದೆ, 'ನಿನಗೆ ಗೊತ್ತಿತ್ತಲ್ಲ?'

ಅವ್ವ ರಸ್ತೆ ನೋಡುತ್ತಾ ಹೇಳಿದಳು: 'ನಿಮ್ಮತ್ತೆ ಬಂದು ಕೇಳುದ್ರು. ಹೆಣ್ ಕೊಟ್ಟೋರು ಇಲ್ಲ ಅನ್ನಕ್ಕಾಯ್ತದಾ? ನಂಗೂ ನೀನು ಇನ್ನೊಸಿ ದಿನ ಕಣ್ಮುಂದೆ ಇರ್ಲಿ ಅನ್ನಿಸ್ತು. ಅದು ತಪ್ಪಾ?'

ಸಿಟ್ಟು ನೆತ್ತಿಗೇರಿತು, ಅಳುವೂ ಬಂತು. ಗಂಡ ನಡುನೀರಿನಲ್ಲಿ ಕೈಬಿಟ್ಟರೆ ತವರಿದೆ ಎನ್ನುತ್ತಾರೆ. ತವರೇ ಆ ಕಡೆ ಸೇರಿಕೊಂಡರೆ ಹೆಣ್ಣು ಎಲ್ಲಿಗೆ ಹೋಗಿ ಅಳಬೇಕು?

ಭಾನುವಾರ ನಮ್ಮನೆಯವರು ಬಂದರು. ಆ ಸಲ ಹಣ್ಣಿನ ಚೀಲ ದೊಡ್ಡದಿತ್ತು. 'ಹೇಳಿದ್ರೆ ನೀನು ಒಪ್ತಿರ್ಲಿಲ್ಲ' ಎಂದರು.

'ಒಪ್ಪಲ್ಲ ಅಂತ ಗೊತ್ತಿದ್ದೇ ತಾನೆ ಹೇಳದೆ ಇದ್ದದ್ದು? ಅಂಗಡಿಯಲ್ಲಿ ದಿವಾನದ ಮಾತು ಕೇಳಿದ್ರಲ್ಲ, ಆಗಲೇ ಗೊತ್ತಿತ್ತಾ?'

ಅವರು ಕಾಫಿ ಲೋಟ ನೋಡುತ್ತಾ ಕೂತರು. ನನಗೆ ಬೇರೆ ಉತ್ತರ ಬೇಕಿರಲಿಲ್ಲ. ಕೇಳಿದ್ದರೆ ಕೊಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ತೊಟ್ಟಿಲು ಕೊಡುತ್ತಿದ್ದೆ, ಐದು ತಿಂಗಳು ಕೊಡುತ್ತಿರಲಿಲ್ಲ. ಅವರು ಅದನ್ನು ಚೆನ್ನಾಗಿ ಬಲ್ಲರು. ನಾನು ದಾರ ಹಿಡಿದು ಬಗ್ಗಿದಾಗ, ಗಂಟು ಸರಿಬಂತೆಂದು ಕುಣಿದಾಗ, ಪಕ್ಕದಲ್ಲಿ ನಿಂತು ಅವರೂ ನಕ್ಕಿದ್ದರು. ನನಗೆ ಇವತ್ತಿಗೂ ಉರಿಯುವುದು ಆ ನಗು.

ಐದನೇ ತಿಂಗಳಿಗೆ, ಒಳ್ಳೆಯ ದಿನ ನೋಡಿ, ಮಡಿಲು ತುಂಬಿಸಿ ಕಳಿಸಿದರು. ಅತ್ತೆ ಆರತಿ ಎತ್ತಿ ಒಳಗೆ ಕರೆದುಕೊಂಡರು. ನಾದಿನಿ ಮರುದಿನ ಸೋಲೂರಿಗೆ ಹೊರಡುವವಳಿದ್ದಳು. ಮಂಚದ ಮರಿಯನ್ನು ಒಗೆದು ಒಣಗಿಸಿ, ನನ್ನ ಮಂಚದ ಪಕ್ಕ ಬಿಗಿದಿಟ್ಟಿದ್ದಳು, ಪಾಪ. ಮಗಳನ್ನು ಅದರಲ್ಲಿ ಮಲಗಿಸಿದೆ. ಅವಳು ಒಂದೇ ಏಟಿಗೆ ಮಗುಚಿಕೊಂಡು, ತಲೆ ಎತ್ತಿ, ಜಾಲರಿಯ ಅಂಚಿಗೆ ಕೈ ಹಾಕಿದಳು. ಅಂಗಡಿಯವನ ಮಾತು ನೆನಪಾಗಿ ಕೂಡಲೇ ಎತ್ತಿಕೊಂಡೆ. ಅಲ್ಲಿಗೆ ಮುಗಿಯಿತು. ಪಟ್ಟಿ ಬಿಗಿದಿದ್ದ ಕಡೆ ಅಪ್ಪ ಮಾಡಿಸಿದ ಮಂಚದ ಕಾಲಿನ ಪಾಲಿಶ್ ಉಜ್ಜಿಹೋಗಿ ಬಿಳಿ ಗೆರೆ ಬಿದ್ದಿತ್ತು.

'ಮುಂದಿನದಕ್ಕೆ ಆಗುತ್ತೆ ಬಿಡು' ಎಂದರು ನಮ್ಮನೆಯವರು. ನಾನು ಮಗಳನ್ನೆತ್ತಿಕೊಂಡು ಕೋಣೆಯಿಂದ ಹೊರಬಂದೆ.

ಹಾಲಿನಲ್ಲಿ ನಾದಿನಿಯ ಮಗು ಅಳುತ್ತಿತ್ತು. ನಮ್ಮನೆಯವರು ಹೋಗಿ ಎಡಗೈಯಲ್ಲಿ ಕತ್ತು ಹಿಡಿದು, ಬಲಗೈಯಲ್ಲಿ ಬೆನ್ನು ತಟ್ಟುತ್ತಾ ಎತ್ತಿಕೊಂಡರು. ಎಷ್ಟು ಪಳಗಿದ ಕೈ! ಮಗು ಸೋದರಮಾವನ ಹೆಗಲಿಗೆ ತಲೆಯಿಟ್ಟು ಅಳು ನಿಲ್ಲಿಸಿತು. ಆಮೇಲೆ ಅದನ್ನು ತಂಗಿಗೆ ಕೊಟ್ಟು, ಅದೇ ಕೈಗಳನ್ನು ನಮ್ಮ ಮಗಳ ಕಡೆ ಚಾಚಿದರು. ಅವಳು ಅವರ ಮುಖವನ್ನು ಒಂದು ಗಳಿಗೆ ನೋಡಿದಳು. ತುಟಿ ಸೊಟ್ಟಗಾಯಿತು. ಬೀದಿಗೆ ಕೇಳುವ ಹಾಗೆ ಕಿರುಚಿಕೊಂಡು ನನ್ನ ಕತ್ತಿಗೆ ಜೋತುಬಿದ್ದಳು.

'ಗುರ್ತು ಹತ್ಲಿಲ್ಲ' ಎಂದು ಅತ್ತೆ ನಕ್ಕರು. ನನ್ನನ್ನು ಬಿಡಲು ಬಂದಿದ್ದ ಅವ್ವನೂ ನಕ್ಕಳು. ಬಾಗಿಲ ಬಳಿ ಕೂತಿದ್ದ ಅಪ್ಪ ಮಾತ್ರ ನಗಲಿಲ್ಲ.

ನಮ್ಮನೆಯವರು ಕೈ ಚಾಚಿಕೊಂಡೇ ನಿಂತಿದ್ದರು. ಅವಳನ್ನು ಎದುರಿನಿಂದ ಎತ್ತಬಾರದು, ಪಕ್ಕದಲ್ಲಿ ಕೂತು ಮೊದಲು ಪಾದ ಸವರಬೇಕು, ಆಗ ತಾನಾಗಿ ಬರುತ್ತಾಳೆ. ನನಗೆ ಗೊತ್ತಿತ್ತು. ಹೇಳಲಿಲ್ಲ.