ಪದ್ಮಜಾಳ ಎರಡನೆಯ ಪ್ರಶ್ನೆ

ಪದ್ಮಜಾ, ಅವತ್ತು ಗೈಡ್ ಸರ್ ಎದುರು ನಾನು ಹೇಳಿದ್ದು ಸುಳ್ಳು. ಗಿರಿಜಕ್ಕ ನಿನ್ನ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು — ಅವರೊಬ್ಬರೇ ಅಲ್ಲ, ನಾನು ಹೋದ ಹೆಚ್ಚಿನ ಮನೆಗಳಲ್ಲೂ ಕೊಟ್ಟಿದ್ದರು. ಹನ್ನೊಂದು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೇನೆ.

ಉಜಿರೆಯ ಬಾಡಿಗೆ ರೂಮಿನಲ್ಲಿದ್ದುಕೊಂಡು ನಾವಿಬ್ಬರೂ ಅರ್ಥಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೆವು. ಗುರುವಾಯನಕೆರೆ ಆಸುಪಾಸಿನ ಬೀಡಿ ಕಟ್ಟುವ ಹೆಂಗಸರನ್ನು ಕೇಳುವುದು ನಮ್ಮ ಕೆಲಸ — ನಿಮ್ಮ ಬದುಕಿಗೆ ಹತ್ತರಲ್ಲಿ ಎಷ್ಟು ಅಂಕ ಕೊಡ್ತೀರಿ? ಅವರಲ್ಲೊಬ್ಬರಾದ ಗಿರಿಜಕ್ಕ ಮೊದಲು ಎಂಟು ಕೊಟ್ಟರು. ಬೀಡಿ ಬಿಟ್ಟು ಹೊಲಿಗೆ ಕಲಿತು ಎರಡು ವರ್ಷವಾದ ಮೇಲೆ ಕೇಳಿದರೆ ಐದು. ಕಲಿತು ಸುಖ ಕಳಕೊಂಡರು ಎಂದು ಸರ್ ತೀರ್ಮಾನಿಸಿದರು. ನೀನು ಒಪ್ಪಲಿಲ್ಲ. ಆಸೆಯೇ ಬದಲಾದವರಿಗೆ ಅಂಕ ಕೇಳಿದರೆ ಸಾಲದು, ಇನ್ನೊಂದು ಪ್ರಶ್ನೆ ಬೇಕು ಎಂದೆ: ಮೊದಲಿನ ಬದುಕಿಗೆ ವಾಪಸ್ ಹೋಗ್ತೀರಾ?

ಎಷ್ಟು ಸುಲಭದ ಮಾತು. ನನಗೆ ಯಾಕೆ ಹೊಳೆಯಲಿಲ್ಲ? ಸರ್ ನಿನ್ನನ್ನು ಮೆಚ್ಚಿ ನೋಡಿದಾಗ ಹೊಟ್ಟೆಗೆ ಕೆಂಡ ಬಿದ್ದ ಹಾಗಾಯಿತು. ಓದಿ ಓದಿ ಕಣ್ಣು ಹಾಳು ಮಾಡಿಕೊಂಡವಳು ನಾನು. ನೀನು ಚಾ ಕುಡಿಯುತ್ತಾ ಹೇಳಿಬಿಟ್ಟಿದ್ದೆ.

ಹೆಂಗಸರು ತುಳುವಿನಲ್ಲಿ ಹೇಳಿದ್ದನ್ನು ಫಾರ್ಮಿನ ಬದಿಯಲ್ಲಿ ಪೆನ್ಸಿಲಿನಿಂದ ಗೀಚಿಕೊಂಡು, ಆಮೇಲೆ ಕನ್ನಡದಲ್ಲಿ ಶುದ್ಧ ಪ್ರತಿ ಮಾಡುವುದು ನಮ್ಮ ಕ್ರಮ. ನೀನು ಟೈಫಾಯ್ಡ್ ಬಂದು ಮೂಡುಬಿದಿರೆಯ ಮನೆಯಲ್ಲಿ ಮಲಗಿದ್ದೆ, ಆ ಪ್ರಶ್ನೆ ಕೇಳಲು ನಾನೊಬ್ಬಳೇ ಹೋದೆ. ಗಿರಿಜಕ್ಕ ಮೆಷಿನ್ ತುಳಿಯುತ್ತಲೇ ಹೇಳಿದರು, "ಬೇಡ ಮಾರಾಯ್ತಿ. ಆಗ ನನಗೆ ಏನು ಬೇಕು ಅಂತಲೇ ಗೊತ್ತಿರಲಿಲ್ಲ. ಈಗ ಸ್ವಂತದ್ದೊಂದು ಅಂಗಡಿ ಬೇಕು ಅಂತ ಉಂಟು, ಆಗಲಿಲ್ಲ, ಅದಕ್ಕೆ ಐದು. ಆದರೆ ವಾಪಸ್ ಹೋಗುವುದಿಲ್ಲ." ಗೀಚಿಕೊಂಡೆ. ಶುದ್ಧ ಪ್ರತಿಯಲ್ಲಿ ಐದು ಮಾತ್ರ ಬರೆದೆ. ಉಳಿದ ಮನೆಗಳದ್ದೂ ಹೀಗೇ, ಅಂಕ ಮಾತ್ರ.

"ಪದ್ಮಜಾಳ ಪ್ರಶ್ನೆಗೆ ಏನು ಹೇಳಿದರು?" ಎಂದು ಸರ್ ಕೇಳಿದರು.

"ಯಾರಿಗೂ ಆ ಪ್ರಶ್ನೆಯೇ ಅರ್ಥವಾಗಲಿಲ್ಲ ಸರ್."

ಅಷ್ಟೇ. ಆ ಪ್ರಶ್ನೆಯ ಮೇಲೆ ಕಟ್ಟಿದ್ದ ನಿನ್ನ ಅಧ್ಯಾಯ ಬಿದ್ದುಹೋಯಿತು, ಆಮೇಲೆ ನೀನು ಪಿಎಚ್‌ಡಿಯನ್ನೇ ಬಿಟ್ಟೆ. ನೀನೇ ಹೋಗಿ ಇನ್ನೊಮ್ಮೆ ಕೇಳಬಹುದಿತ್ತು — ಕೇಳಲಿಲ್ಲ, ನನ್ನನ್ನು ನಂಬಿದೆ.

ಕಳೆದ ತಿಂಗಳು ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿದೆಯಲ್ಲ. ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತಿದ್ದೀಯಂತೆ. ನಾನು ತಮಾಷೆಗೆ ಅಂಕ ಕೇಳಿದೆ. "ಎಂಟು ಕೊಡ್ತೇನೆ. ಪಿಎಚ್‌ಡಿ ಆಸೆಯೆಲ್ಲ ಈಗ ಇಲ್ಲ ಮಾರಾಯ್ತಿ" ಎಂದು ನಕ್ಕೆ ನೀನು. ನಾನು ಬದುಕಿಕೊಂಡೆ ಅಂದುಕೊಂಡೆ. ನೀನು ಸುಖವಾಗಿದ್ದರೆ ನಾನು ಮಾಡಿದ್ದು ತಪ್ಪೇ ಅಲ್ಲವಲ್ಲ... ಮತ್ತೆ — ನಾಚಿಕೆ ಬಿಟ್ಟು ಹೇಳ್ತೇನೆ — ಆ ಎಂಟರ ಮೇಲೂ ನನಗೆ ಹೊಟ್ಟೆಕಿಚ್ಚು ಆಯಿತು. ಡಾಕ್ಟರೇಟ್ ಉಂಟು, ಕಾಲೇಜಿನ ಕೆಲಸ ಉಂಟು, ನನ್ನದು ಐದು ದಾಟುವುದಿಲ್ಲ.

ವಾಪಸ್ ಬರುವಾಗ ಗುರುವಾಯನಕೆರೆಯಲ್ಲಿ ಬಸ್ಸು ನಿಂತಿತು. ಗಿರಿಜಕ್ಕ ನೆನಪಾದರು. ಅವರ ಮೊದಲಿನ ಎಂಟೂ ಹೀಗೇ ಅಲ್ಲವಾ — ಬೇಕು ಅನ್ನುವುದೇ ಇಲ್ಲದ ಎಂಟು. ಅವರಿಗೆ ಆಸೆ ಇನ್ನೂ ಹುಟ್ಟಿರಲಿಲ್ಲ. ನಿನಗೆ ಇತ್ತು, ನಾನು ಕಿತ್ತು ಹಾಕಿದೆ.

ಪೆನ್ಸಿಲಿನ ಫಾರ್ಮುಗಳು ನನ್ನ ಕಪಾಟಿನಲ್ಲೇ ಇವೆ. ಸರ್‌ಗೆ ನಿನ್ನೆ ಎಲ್ಲವನ್ನೂ ಬರೆದು ಕಳಿಸಿದೆ. ಭಾನುವಾರ ಫಾರ್ಮುಗಳನ್ನು ನಿನ್ನ ಕೈಗೆ ಕೊಡಲು ಬರುತ್ತೇನೆ. ಬಾಗಿಲು ತೆರೆಯುವುದು ಬಿಡುವುದು ನಿನಗೆ ಬಿಟ್ಟದ್ದು. ಅವತ್ತು ಬಸ್‌ಸ್ಟ್ಯಾಂಡಿನಲ್ಲಿ ಮೊದಲನೆಯ ಪ್ರಶ್ನೆಯನ್ನು ಮಾತ್ರ ಕೇಳಿದೆ. ನಿನ್ನದೇ ಎರಡನೆಯ ಪ್ರಶ್ನೆಯನ್ನು ನಿನಗೆ ಕೇಳುವ ಧೈರ್ಯ ನನಗೆ ಬರಲಿಲ್ಲ.