ಹಿಸ್ಟೀರಿಯಾ ಅಂದವರಿಗೆ

ಹಲಗೆಯ ಮೇಲೆ ನಾನು ಬರೆದ ಒಂದು ಸಾಲು ಎರಡಾಗಿ ಕಂಡಿತು. ಸೋಮವಾರ, ಮೊದಲ ಪೀರಿಯಡ್. ಕಣ್ಣುಜ್ಜಿಕೊಂಡೆ. ಆಗಲೂ ಎರಡು. ಮಧ್ಯಾಹ್ನದ ಹೊತ್ತಿಗೆ ಬಾಯಿ ಒಣಗಿ ನಾಲಿಗೆ ಅಂಟಿಕೊಂಡಿತು. ಮರುದಿನ ರೆಪ್ಪೆ ಎತ್ತಲಾಗಲಿಲ್ಲ, ಮಾತು ಹೊರಡಲಿಲ್ಲ, ಕುಡಿದ ನೀರು ಮೂಗಿನಿಂದ ಹೊರಬಂತು.

ಜ್ವರವಿಲ್ಲ. ನೋವಿಲ್ಲ. ಬುದ್ಧಿ ಮಾತ್ರ ನಿಚ್ಚಳ.

ಅಣ್ಣ ಧಾರವಾಡದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ. ಅಲ್ಲಿಯ ಡಾಕ್ಟರು ಸೂಜಿ ಚುಚ್ಚಿ ನೋಡಿದರು. ಚುಚ್ಚಿದ್ದೆಲ್ಲ ನನಗೆ ಗೊತ್ತಾಗುತ್ತಿತ್ತು. ಆಮೇಲೆ ನನ್ನ ಮಂಚದ ಪಕ್ಕದಲ್ಲೇ ನಿಂತು ಅಣ್ಣನಿಗೆ ಹೇಳಿದರು:

"ಹಿಸ್ಟೀರಿಯಾ ಅದರಿ. ಇಪ್ಪತ್ತಾರು ವರ್ಷಾತು, ಲಗ್ನ ಆಗಿಲ್ಲ. ಒಂದು ವರಾ ನೋಡ್ರಿ, ತಾನಽ ಕಣ್ಣ ತೆರೀತಾಳ."

"ಹೌದ್ರಿ" ಅಂದ ಅಣ್ಣ.

ಆ ಹೌದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಬುಧವಾರ, ನನಗೆ ನಿದ್ದೆ ಹತ್ತಿದೆಯೆಂದು ತಿಳಿದು, ಅವನು ಅವ್ವನಿಗೆ ಪಿಸುಗುಟ್ಟಿದ: "ಸುಳ್ಳ ಊರಾಗ ಕಸ್ತೂರಿ ತೀರಿಕೊಂಡ್ಳಂತ. ವಿಷಾ ತಗೊಂಡಾಳಂತ ಊರ ಮಂದಿ ಮಾತಾಡಾಕತ್ತಾರ."

ಕಸ್ತೂರಿ ನಮ್ಮ ಶಾಲೆಯಲ್ಲೇ ಹೋಂ ಸೈನ್ಸ್ ಕಲಿಸುವವಳು. ಶನಿವಾರ ಮಧ್ಯಾಹ್ನ, ಅವಳೇ ಬೇಯಿಸಿ ಬಾಟಲಿಗೆ ಹಾಕಿ ಮೇಣ ಹಾಕಿ ಮುಚ್ಚಿಟ್ಟಿದ್ದ ಬಟಾಣಿ ತೆಗೆದು, ಬಿಸಿ ಮಾಡದೆ, ಲಿಂಬಿಹಣ್ಣು ಹಿಂಡಿ ಇಬ್ಬರೂ ತಿಂದಿದ್ದೆವು. ಸಂಜೆಯ ಬಸ್ಸಿಗೆ ಅವಳು ತನ್ನೂರು ಸುಳ್ಳಕ್ಕೆ ಹೋದಳು.

ನಾನು ಕೂಗಿದೆ. ಗಂಟಲಿನಿಂದ ಗಾಳಿಯಷ್ಟೇ ಬಂತು.

ಉಸಿರು ಸಣ್ಣದಾದಾಗ ಹುಬ್ಬಳ್ಳಿಯ ಆಸ್ಪತ್ರೆಗೆ ಒಯ್ದರು. ಅಲ್ಲಿ ಫಿಜಿಯಾಲಜಿ ಕಲಿಸುವ ಡಾಕ್ಟರಮ್ಮ ಒಬ್ಬರಿದ್ದರು. ವಿದ್ಯಾರ್ಥಿಗಳಿಗೆ ಕಪ್ಪೆಯ ನರ ತೋರಿಸುವ ಯಂತ್ರವನ್ನು ಅವರು ನನ್ನ ಮಂಚಕ್ಕೆ ತರಿಸಿದರು. ಮಣಿಕಟ್ಟಿನ ನರಕ್ಕೆ ಶಾಕ್ ಕೊಟ್ಟು, ಕಿರುಬೆರಳಿನ ಬುಡದ ಸ್ನಾಯು ಎಷ್ಟು ಮಿಡಿಯುತ್ತದೆಂದು ಪರದೆಯ ಮೇಲೆ ನೋಡುವುದು. ಅವರು ಬೆರಳಿನಿಂದ ನನ್ನ ರೆಪ್ಪೆ ಎತ್ತಿ ಹಿಡಿದರು. ಒಂದೇ ಶಾಕಿಗೆ ಹಸಿರು ಗೆರೆ ಇಷ್ಟೇ ಇಷ್ಟು ಎದ್ದಿತು. ಆಮೇಲೆ ಬೆನ್ನುಬೆನ್ನಿಗೆ ಶಾಕ್. ಕೈ ಬೆಂಕಿಗೆ ಬಿದ್ದಂತಾಯಿತು. ಗೆರೆ ಎತ್ತರವಾಗುತ್ತ ಹೋಯಿತು.

"ನೋಡ್ರಿ ಅಕ್ಕಾರ, ನರದ ಹುಕುಂ ಸ್ನಾಯುವಿಗೆ ಮುಟ್ಟವಲ್ದು. ಲಗೂಲಗೂ ಬಡದ್ರ ಒಂದೀಟು ಮುಟ್ಟತದ. ಇದು ಮನಸ್ಸಿನ ಬ್ಯಾನಿ ಅಲ್ಲ. ಬಾಟಲಿಯಾಗ, ಡಬ್ಬಿಯಾಗ ಇಟ್ಟದ್ದು ಏನರ ತಿಂದಿದ್ರೇನ್ರಿ? ಹೌದಂದ್ರ ಬೆರಳ ಅಲುಗಿಸ್ರಿ."

ಅಲುಗಿಸಿದೆ.

"ಮತ್ಯಾರರ ತಿಂದಾರೇನ್ರಿ?"

ಅವರ ಅಂಗೈ ಮೇಲೆ 'ಕ' ಎಂದು ಬರೆದೆ. "ಕಸ್ತೂರಿ" ಅಂದ ಅಣ್ಣ.

ಕೆಟ್ಟ ಆಹಾರದ ವಿಷ, ಬೊಟುಲಿಸಂ. ಆ ವಿಷ ಇಳಿಸುವ ಇಂಜೆಕ್ಷನ್ನಿಗಾಗಿ ಬೊಂಬಾಯಿಗೆ ತಂತಿ ಕಳಿಸಿದರು, ಇಂಜೆಕ್ಷನ್ ಬರಲಿಲ್ಲ. ಉಸಿರು ನಿಲ್ಲಲಿಲ್ಲ, ಅದು ನನ್ನ ಪುಣ್ಯ. ಆರು ವಾರ ಅವ್ವ ಮೂಗಿನ ನಳಿಕೆಯಲ್ಲಿ ಗಂಜಿ ಬಿಟ್ಟಳು. ಮೊದಲು ನುಂಗಲು ಬಂತು, ಆಮೇಲೆ ಮಾತು, ಕೊನೆಗೆ ಮೆಟ್ಟಿಲು ಹತ್ತುವ ಕಾಲು. ವರದಿ ಹಿಡಿದು ಧಾರವಾಡದ ಡಾಕ್ಟರ ಮುಂದೆ ನಾನೇ ಹೋಗಿ ನಿಂತೆ. "ಗುಣ ಆತಲ್ಲ, ಬಿಡ್ರಿ" ಅಂದರು, ತಲೆಯೆತ್ತದೆ.

ಬಿಡಲಿಲ್ಲ. ಡಾಕ್ಟರಮ್ಮನಿಂದ ಕನ್ನಡದಲ್ಲಿ ಪತ್ರ ಬರೆಸಿಕೊಂಡು ಸುಳ್ಳಕ್ಕೆ ಹೋದೆ. ಕಸ್ತೂರಿ ತಾನಾಗಿ ವಿಷ ಕುಡಿದವಳಲ್ಲ, ಊಟದಿಂದ ಬಂದ ಸಾವು ಎಂದು ಅದರಲ್ಲಿತ್ತು. ಅದನ್ನು ಓದಿ, ನನಗಾದದ್ದನ್ನೂ ಹೇಳಿದೆ; ಅವಳ ತಾಯಿ ಗಂಗವ್ವ ಕೇಳುತ್ತ ಕುಳಿತರು. ಆಮೇಲೆ ಕೇಳಿದರು:

"ನಿನ್ನಂಗ ಆಕಿಗೂ ಎಲ್ಲಾ ಕೇಳತಿತ್ತೇನವಾ? ಯಾವನ ಸಲುವಾಗಿ ಕುಡದಿ ಅಂತ ಮಂದಿ ಆಕಿ ತಲಿದೆಸಿ ನಿಂತು ಅಂದರು."

ಇಲ್ಲ ಅನ್ನಬಹುದಿತ್ತು. "ಕೇಳತಿತ್ರಿ, ಅವ್ವಾರ" ಅಂದೆ.

ಗಂಗವ್ವ ನನ್ನ ಕೈಯಲ್ಲಿದ್ದ ಪತ್ರವನ್ನು ಮುಟ್ಟಿ ನೋಡಿದರು.

"ಹಂಗಾರ ನಾ ಅವರನ್ನ ಬೈದು ಹೊರಗ ಹಾಕಿದ್ದೂ ಕೇಳೈತಿ."

ಎದ್ದು ಬಾಗಿಲು ಪೂರಾ ತೆರೆದರು. "ಕಟ್ಟಿಮ್ಯಾಲೆ ಬಾ. ಇನ್ನೊಮ್ಮಿ ಓದು. ಜೋರಾಗಿ."

ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಉಸಿರು ಸಾಲದೆ ಮೂರು ಸಲ ನಿಂತೆ. ಕೊನೆಯ ತನಕ ಓದಿದೆ.