ಗುರುವಾರದ ಗೀಟುಗಳು

ಕಲಬುರಗಿಯ ಸಿಗ್ನಲ್‌ಗಳನ್ನು ಒಂದಕ್ಕೊಂದು ಹೊಂದಿಸುವ ಕಚೇರಿಗೆ ನಾನು ಹೊಸಬಳು. ದರ್ಗಾ ಇರುವ ರೋಜಾ ಬಡಾವಣೆಯ ಸಿಗ್ನಲ್‌ನಲ್ಲಿ ಕ್ಯಾಮೆರಾ ವಾಹನಗಳನ್ನು ಎಣಿಸುತ್ತಿತ್ತು. ಅದರಂತೆ ದೀಪ ಬದಲಾಗುತ್ತಿತ್ತು. ದರ್ಗಾಕ್ಕೆ ನಡೆದು ಬರುವವರನ್ನು ಮಾತ್ರ ಅದು ಎಣಿಸುತ್ತಿರಲಿಲ್ಲ. ಗುರುವಾರ ಸಂಜೆ ಅವರೇ ಹೆಚ್ಚು. ನಾಲ್ಕು ಗುರುವಾರ ಕಮಲಾಪುರದ ನನ್ನ ಬಸ್ಸು ಬಿಟ್ಟು ಅಲ್ಲೇ ನಿಂತೆ. ದಾಟುವಷ್ಟರಲ್ಲಿ ದೀಪ ಬದಲಾಗಿ ರಸ್ತೆ ನಡುವೆ ಸಿಕ್ಕಿಕೊಂಡ ಪ್ರತಿಯೊಬ್ಬರಿಗೂ ಡೈರಿಯಲ್ಲಿ ಒಂದು ಗೀಟು ಎಳೆದೆ. ಮೊದಲ ದಿನವೇ ಮೂವತ್ತೊಂದಾದವು.

ಡೈರಿ ತೋರಿಸಿದಾಗ ನಮ್ಮ ಕಚೇರಿಯ ಎಂಜಿನಿಯರ್ ನಕ್ಕರು. "ಏನವ್ವಾ, ಕ್ಯಾಮೆರಾಕ್ಕ ಸವತಿ ಆಗಿ ಬಂದೀ ಏನು?"

"ಅದು ಗಾಡಿ ಎಣಸ್ತದರಿ ಸರ್, ನಾ ಮಂದಿ ಎಣಸೀನ್ರಿ."

"ಒಂದು ಸಿಗ್ನಲ್ ತಡಾ ಮಾಡಿದ್ರ ಮುಂದಿನ ಮೂರೂ ಕೆಡ್ತಾವ."

ಆದರೂ ಅವರು ಗೀಟುಗಳನ್ನು ಒಂದೊಂದಾಗಿ ಎಣಿಸಿದರು. ಎರಡು ದಿನ ಕೂತು ಗುರುವಾರ ಸಂಜೆಗೆಂದೇ ನಾಲ್ಕೂ ಸಿಗ್ನಲ್‌ಗಳ ಸಮಯವನ್ನು ಹೊಸದಾಗಿ ಹೊಂದಿಸಿದರು.

ಮುಂದಿನ ಗುರುವಾರ, ಕೋಲೂರಿಕೊಂಡು ಹೊರಟ ಅಜ್ಜಿಯೊಬ್ಬರು ಆಚೆ ಬದಿ ಮುಟ್ಟುವವರೆಗೂ ವಾಹನಗಳಿಗೆ ಕೆಂಪು ದೀಪವೇ ಇತ್ತು. ನನ್ನ ಪಕ್ಕದಲ್ಲಿ ನಿಂತಿದ್ದ ಆಟೋದವರು ಗೊಣಗಿದರು: "ಯಾರು ಮಾಡ್ಯಾರ ಇದನ್ನ, ಬಿಡವಲ್ದು!"

ನನಗೆ ತಡೆಯಲಾಗಲಿಲ್ಲ. "ನಾನೇ ಮಾಡಸೀನಣ್ಣಾ," ಅಂದೆ.

"ಹಂಗಾದ್ರ ಬೈಗಳನೂ ನೀನೇ ತಗೋ ತಂಗಿ."

ಖುಷಿಯಿಂದಲೇ ತಗೊಂಡೆ.